ಜೀಪಿನ ಟಾಪಿಗೊಂದು ಕಿಂಡಿ

ಬಂಡೂರಿನ ತಿಮ್ಮಯ್ಯನಿಗೆ ಮೈ ತೊಳೆಯುವುದಕ್ಕಿಂತ ಜೀಪು ತೊಳೆಯುವುದರಲ್ಲಿ ಆಸೆ ಹೆಚ್ಚು. ಶಿವನಸಮುದ್ರದ ವಿದ್ಯುತ್ ಕೇಂದ್ರವಿರುವ ಬ್ಲಫ್‌ನಲ್ಲಿ ಕರೆಂಟಿನವರು ಹರಾಜು ಹಾಕಿದಾಗ ಹಿಡಿದು ತಂದ ಹಳೇ ಜೀಪು ಅದು. ಸಂತೆಗೆ ಕುರಿ ಹೇರಿಕೊಂಡು ಹೋಗುವುದಕ್ಕೂ ಅದೇ, ನೆಂಟರ ಮನೆಗೂ ಅದೇ. ಎಂಜಿನ್ನು ಇನ್ನೂ ಗುಂಡುಕಲ್ಲಿನ ಹಾಗಿದೆ. ಮೇಲಿನ ಬಟ್ಟೆ ಟಾಪು ಮಾತ್ರ ಬಿಸಿಲಿಗೆ ಒಣಗಿ, ಮಳೆಗೆ ಕೊಳೆತು, ಹಪ್ಪಳದಂತಾಗಿತ್ತು. ಜೋರು ಮಳೆ ಬಂದರೆ ಒಳಗೆ ಕೂತವರು ಕೊಡೆ ಬಿಚ್ಚುತ್ತಿದ್ದರು.

ಆ ಟಾಪಿನ ತುಂಬ ತೂತುಗಳು. ಅವುಗಳಲ್ಲಿ ಒಂದು ಹೊಂಬಾಳಮ್ಮನದು.

ಹೊಂಬಾಳಮ್ಮ ತಿಮ್ಮಯ್ಯನ ಹೆಂಡತಿ. ಹುಟ್ಟಿದ್ದು ಹೊಳೆಯಾಚೆ, ಸತ್ತೇಗಾಲದಲ್ಲಿ. ಮದುವೆಯಾಗಿ ಈಚೆಗೆ ಬಂದ ದಿನ ಶಿವನಸಮುದ್ರದ ಹಳೇ ಕಲ್ಲು ಸೇತುವೆಯ ಮೇಲೆ ದಿಬ್ಬಣದ ಲಾರಿ ನಿಲ್ಲಿಸಿ, ಅವಳ ತಾಯಿ ಕಿವಿಯ ಹತ್ತಿರ ಬಂದು ಹೇಳಿದ್ದಳು: "ಕಾವೇರಮ್ಮನ್ನ ಬರಿಗೈಲಿ ದಾಟಬ್ಯಾಡ ಮಗ. ಓಗುವಾಗೊಂದು, ಬರುವಾಗೊಂದು, ಮುಡಿಯಿಂದ ಹೂವ ತಗ್ದು ಕೊಡು." ತಾಯಿ ತೀರಿಕೊಂಡು ಎಷ್ಟೋ ಕಾಲವಾಯಿತು. ಹೊಂಬಾಳಮ್ಮ ಆ ಮಾತನ್ನು ಒಂದು ಸಲವೂ ತಪ್ಪಿಸಿರಲಿಲ್ಲ. ಯಾರಿಗೂ ಹೇಳಿಕೊಂಡಿರಲೂ ಇಲ್ಲ. ಹೇಳಿದರೆ ತಿಮ್ಮಯ್ಯ ಊರ ಮುಂದೆಲ್ಲ ಆಡಿಕೊಳ್ಳುತ್ತಾನೆ ಎಂಬ ಭಯ.

ಜೀಪಿನಲ್ಲಿ ಮುಂದಿನ ಸೀಟು ಭಾವ ಮರಿಸಿದ್ದಯ್ಯನದು. ತಿಮ್ಮಯ್ಯನ ಅಣ್ಣ ಅವನು. ಅವನು ಬರುವಾಗ ತಾನು ಮುಂದೆ ಕೂರುವುದನ್ನು ಹೊಂಬಾಳಮ್ಮ ಯೋಚಿಸಿದವಳೂ ಅಲ್ಲ. ಅವಳ ಜಾಗ ಹಿಂದೆ, ಪಕ್ಕದ ಉದ್ದ ಸೀಟಿನಲ್ಲಿ, ಹಣ್ಣಿನ ಬುಟ್ಟಿಯನ್ನು ಕಾಲಿನಿಂದ ಒತ್ತಿಹಿಡಿದುಕೊಂಡು. ಅಡ್ಡ ಕೂತು ಹೋದರೆ ಅವಳಿಗೆ ಹೊಟ್ಟೆ ತೊಳಸುತ್ತದೆ. ಹಾಗಾಗಿ ಮಳವಳ್ಳಿ ದಾಟಿದೊಡನೆ ಕಣ್ಣು ಮುಚ್ಚಿಬಿಡುತ್ತಿದ್ದಳು. ತೆರೆಯುವುದು ತವರಿನ ಬಾಗಿಲಲ್ಲೇ. ಜೀಪಿನಡಿ ಗಡಗಡ ಸದ್ದು ಬಂದರೆ ಸೇತುವೆ ಬಂತೆಂದು ಲೆಕ್ಕ. ಆಗ ಒಂದು ಮಲ್ಲಿಗೆ ಕಿತ್ತು, ಬೆನ್ನ ಹಿಂದೆ ಟಾಪು ಹರಿದಿದ್ದ ಕಡೆ ಬೆರಳು ತೂರಿಸಿ, ಹೊರಗೆ ಬಿಡುತ್ತಿದ್ದಳು. ಎಂದೋ ಕುಡುಗೋಲು ತಾಗಿ ಆದ ಸೀಳು ಅದು. ದೊಡ್ಡದಾಗದಿರಲಿ, ಮುಚ್ಚಿಯೂ ಹೋಗದಿರಲಿ ಎಂದು ಒಂದು ಮಧ್ಯಾಹ್ನ ಗಟ್ಟಿ ದಾರದಲ್ಲಿ ಅದರ ಸುತ್ತ ಅಂಚು ಹೊಲಿದಿಟ್ಟಿದ್ದಳು.

ಕಲ್ಲು ಸೇತುವೆಯ ಬದಲು ಹೊಸ ಸೇತುವೆ ಬಂತು, ಜೀಪು ಅದರ ಮೇಲೆ ಓಡತೊಡಗಿತು. ಹೊಂಬಾಳಮ್ಮ ಕಣ್ಣು ತೆರೆಯಲಿಲ್ಲ. ಗಡಗಡ ಸದ್ದಂತೂ ಬರುತ್ತಲೇ ಇತ್ತು, ಹೂವೂ ಹೋಗುತ್ತಲೇ ಇತ್ತು.

ಈ ವರ್ಷ ಅವಳ ತಮ್ಮ ರವಿಚಂದ್ರನ ಮಗಳು ಚಂದನಳಿಗೆ ಗಂಡು ಮಗುವಾಯಿತು. ತೊಟ್ಟಿಲು ಶಾಸ್ತ್ರಕ್ಕೆ ಕರೆ ಬಂತು. ತಿಮ್ಮಯ್ಯ ಎದೆ ಉಬ್ಬಿಸಿ ಹೇಳಿದ: "ಈ ಹರಕಲು ಹಾಕ್ಕೊಂಡು ನಿನ್ ತವರಿಗೆ ಬರಲ್ಲ ಕಣಮ್ಮಿ. ಒಸ ಟಾಪು ಹೊಲಿಸ್ತೀನಿ."

"ಈಗ್ಯಾಕೆ ಬುಡಿ, ಇನ್ನೊಂದು ಮಳೆಗಾಲ ತಡೀತದೆ" ಎಂದಳು ಹೊಂಬಾಳಮ್ಮ.

"ಓದ್ಸಲ ಮಳೇಲಿ ನೆಂದು ಕೋಳಿ ಮರಿಯಂಗೆ ಆಗಿದ್ದೆಯಲ್ಲ, ನೀನೇ ಬೈದಿದ್ದೆ!"

ಹೊಸ ಟಾಪಿನಲ್ಲಿ ತನ್ನ ಕಿಂಡಿ ಇರುವುದಿಲ್ಲವಲ್ಲ ಎಂಬ ಚಿಂತೆಯಲ್ಲಿ ಹೊಂಬಾಳಮ್ಮ ತಾನೂ ಬರುತ್ತೇನೆಂದು ಹಟ ಹಿಡಿದು ಮಳವಳ್ಳಿಗೆ ಹೊರಟಳು.

ಮಳವಳ್ಳಿಯ ನಜೀರ್ ಅಹ್ಮದ್ ಆಟೋ, ಜೀಪುಗಳಿಗೆ ಸೀಟು, ಟಾಪು ಹೊಲಿದುಕೊಡುವ ಅಂಗಡಿಯವನು. ಕತ್ತರಿ ಅವನದು, ಹೊಲಿಗೆ ಮಿಷನ್ನು ಹೆಂಡತಿ ಕುಲ್ಸುಮ್‌ಳದು. ಜೀಪಿನ ಸುತ್ತ ಒಂದು ಸುತ್ತು ಬಂದು ನಜೀರ್ ಕೇಳಿದ, "ತಿಮ್ಮಯ್ಯಣ್ಣ, ಇದು ಟಾಪಾ, ಸೊಳ್ಳೆಪರದೆಯಾ?"

"ಆಡ್ಕೋಬ್ಯಾಡ ನಜೀರಣ್ಣ. ಗಟ್ಟಿ ಬಟ್ಟೆ ಹಾಕು. ಕಿಟಕಿಗಿಟಕಿ ಬ್ಯಾಡ, ಆ ಪ್ಲಾಸ್ಟಿಕ್ಕು ಎರಡು ಬೇಸಿಗೆಗೆ ಅರಿಶಿನದಂಗೆ ಆಯ್ತದೆ. ಒಂದು ತೂತೂ ಇರಬಾರ್ದು, ಅಷ್ಟೇಯ."

ಹಳೇ ಟಾಪನ್ನು ಬಿಚ್ಚಿ ನೆಲದ ಮೇಲೆ ಹಾಸಿದರು. ಅದನ್ನೇ ಮಾದರಿಯಾಗಿಟ್ಟುಕೊಂಡು ಹೊಸ ಬಟ್ಟೆ ಕತ್ತರಿಸಬೇಕು. ಟಾಪನ್ನು ಹೊರುವ ಕಬ್ಬಿಣದ ಕಮಾನುಗಳ ತುಕ್ಕು ಉಜ್ಜಿಸಲು ಗಂಡಸರಿಬ್ಬರೂ ಪಕ್ಕದ ವೆಲ್ಡಿಂಗ್ ಅಂಗಡಿಗೆ ಹೋದರು. ಕುಲ್ಸುಮ್ ಮಂಡಿಯೂರಿ, ಚಾಕ್ ಹಿಡಿದು ಗುರುತು ಹಾಕುತ್ತ ಬಂದವಳು ಒಂದು ಕಡೆ ನಿಂತಳು. ಆ ಜಾಗವನ್ನು ಬೆರಳಿನಿಂದ ಸವರಿದಳು.

"ಅಕ್ಕ, ಇದು ಹರ್ದಿರೋದಲ್ಲ. ಷರ್ಟಿನ ಗುಂಡಿಗೆ ಕಾಜಾ ಹೊಲಿದಂಗೆ ಹೊಲ್ದಿದಾರೆ. ಯಾರ ಕೈ ಇದು?"

ಹೊಂಬಾಳಮ್ಮ ಸೆರಗು ಸರಿಮಾಡಿಕೊಂಡಳು. ಬಾಗಿಲ ಕಡೆ ನೋಡಿದಳು. ಕುಲ್ಸುಮ್ ಚಾಕ್ ಕೆಳಗಿಟ್ಟು, ಕಾಲು ಮಡಚಿ ಕೂತಳು. ಹಾಗೆ ಅವಸರವಿಲ್ಲದೆ ಕೂತವರ ಎದುರು ಮಾತು ತಾನಾಗಿಯೇ ಬರುತ್ತದೆ. ತಾಯಿ, ಲಾರಿ, ಮಲ್ಲಿಗೆ, ಹೊಟ್ಟೆ ತೊಳಸಿ ಮುಚ್ಚುವ ಕಣ್ಣು, ಗಡಗಡ ಸದ್ದು, ಎಲ್ಲವೂ ಬಂತು.

"ನಗ್ಬೇಡ ಕಣವ್ವ" ಎಂದಳು ಕೊನೆಗೆ.

"ಯಾಕೆ ನಗ್ಲಿ? ನಮ್ಮಮ್ಮಿ ಬಸ್ಸಲ್ಲಿ ಹೋಗುವಾಗ ದರ್ಗಾ ಬಂತು ಅಂದ್ರೆ ನಿದ್ದೇಲೂ ಸೆರಗು ತಲೆ ಮೇಲೆ ಎಳ್ಕೊಳ್ಳೋರು. ಅವರಿಗೆ ಹೇಗೆ ಗೊತ್ತಾಗ್ತಿತ್ತೋ ಅಲ್ಲಾನಿಗೇ ಗೊತ್ತು." ಕುಲ್ಸುಮ್ ಎದ್ದು ಅಳತೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡಳು. "ಜೀಪಿನ ಅಳತೆ ನಮ್ಮೆಜಮಾನ್ರು ತಗೊಂಡಾಯ್ತು. ನಿಮ್ಮ ಅಳತೆ ನಾನು ತಗೋತೀನಿ. ಹತ್ತಿ ಕೂತ್ಕೊಳ್ಳಿ."

"ಜೀಪಿಗೆ ಟಾಪು ಒಲಿತೀಯೋ, ನಂಗೆ ರವಿಕೆ ಒಲಿತೀಯೋ?"

"ಎರಡೂ ಒಂದೇ ಅಕ್ಕ, ತೋಳು ಮಾತ್ರ ಇಲ್ಲ!"

ಇಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕರು. ಹೊಂಬಾಳಮ್ಮ ಜೀಪಿನಲ್ಲಿ ಎಂದಿನಂತೆ ಕೂತಳು. ಕುಲ್ಸುಮ್ ಅವಳ ಕಣ್ಣಿನ ನೇರಕ್ಕೆ ಎದುರು ಬದಿಯಲ್ಲಿ ಒಂದು ಅಳತೆ ಹಿಡಿದಳು, ಕೈ ಹಿಂದಕ್ಕೆ ಹೋಗುವ ಕಡೆ ಇನ್ನೊಂದು.

ಶಾಸ್ತ್ರದ ಹಿಂದಿನ ದಿನ ಟಾಪು ಸಿದ್ಧವಾಯಿತು, ಗಂಡ ಹೆಂಡತಿ ಮತ್ತೆ ಮಳವಳ್ಳಿಗೆ ಬಂದರು. ಬಿಸಿಲು ಏರಿದಾಗ ಬಟ್ಟೆ ಹಿಗ್ಗುತ್ತದೆಂದು ನಡುಮಧ್ಯಾಹ್ನವೇ ಎಳೆದು ಗುಂಡಿ ಹಾಕಿದರು. ಹಸಿರು ಬಟ್ಟೆ, ಕಮಾನಿನ ಮೇಲೆ ಒಂದು ಸುಕ್ಕಿಲ್ಲ. ತಿಮ್ಮಯ್ಯ ಸುತ್ತ ನಡೆದು ನಡೆದು ಸಂತೋಷಪಟ್ಟ. ಆಮೇಲೆ ನಿಂತ.

"ಇದೇನು, ಕಿಟಕಿ? ಬ್ಯಾಡ ಅಂದಿದ್ನಲ್ಲ!"

ಕುಲ್ಸುಮ್ ಮಿಷನ್ನಿನಿಂದ ತಲೆ ಎತ್ತಲಿಲ್ಲ. "ಜೀಪು ನಿಮ್ದು ಅಣ್ಣ. ಹೊಟ್ಟೆ ತೊಳ್ಸೋದು ಅಕ್ಕಂಗೆ. ಹೊರಗೆ ನೋಡ್ತಾ ಕೂತ್ರೆ ತೊಳ್ಸಲ್ಲ. ಪ್ಲಾಸ್ಟಿಕ್ಕು ಹಳದಿ ಆದ್ರೆ ತನ್ನಿ, ಬದಲಾಯಿಸಿ ಕೊಡ್ತೀನಿ."

"ಸರಿ ಬುಡಮ್ಮ. ಈ ಕಡೆ ಇದೆಂಥದು, ಅಂಗಿ ಜೇಬಿನಂಗೆ ಮುಚ್ಚಳ ಬೇರೆ?"

"ಅದು ನಂದು" ಎಂದಳು ಹೊಂಬಾಳಮ್ಮ. "ಏನೂ ಕೇಳ್ಬ್ಯಾಡಿ."

ತಿಮ್ಮಯ್ಯ ಹೆಂಡತಿಯ ಮುಖ ನೋಡಿದ. ಜೇಬಿನಿಂದ ದುಡ್ಡು ತೆಗೆದು ಎಣಿಸತೊಡಗಿದ.

ಮರುದಿನ ಬೆಳಿಗ್ಗೆ ಹೊರಟರು. ಮುಂದೆ ತಿಮ್ಮಯ್ಯ, ಮರಿಸಿದ್ದಯ್ಯ. ಹಿಂದೆ ಹೊಂಬಾಳಮ್ಮ, ಬುಟ್ಟಿ, ತೊಟ್ಟಿಲಿಗೆ ಹೊಸ ಕಂಬಳಿ. ಮಳವಳ್ಳಿ ದಾಟಿದರೂ ಅವಳು ಕಣ್ಣು ಮುಚ್ಚಲಿಲ್ಲ. ಕಿಟಕಿಯಲ್ಲಿ ಕಬ್ಬಿನ ಗದ್ದೆ, ಕುರಿ ಹಿಂಡು, ಸೈಕಲ್ ತಳ್ಳುವ ಹುಡುಗಿಯರು ಒಬ್ಬರಾದ ಮೇಲೊಬ್ಬರು ಬಂದುಹೋದರು. ಹೊಟ್ಟೆ ಅಲುಗಲಿಲ್ಲ. ಇಷ್ಟು ವರ್ಷ ಇದೆಲ್ಲ ಇಲ್ಲೇ ಇತ್ತಲ್ಲ ಎಂದು ಅವಳಿಗೆ ಬೆರಗು.

ಗಡಗಡ ಸದ್ದು ಬಂತು. ಕೈ ತಾನಾಗಿ ಮುಡಿಗೆ ಹೋಯಿತು, ಹೂ ಕಿತ್ತಿತು, ಮುಚ್ಚಳ ಎತ್ತಿತು. ಕಣ್ಣು ಮಾತ್ರ ಕಿಟಕಿಯಲ್ಲಿತ್ತು. ಅಲ್ಲಿ ಹೊಳೆ ಇರಲಿಲ್ಲ. ಒಂದು ನಾಲೆ, ಗಡಗಡಿಸಿದ್ದು ಅದರ ಮೇಲಿನ ಹಳೇ ಕಿರುಸೇತುವೆ. ಸಿಮೆಂಟಿನ ದಡ, ಬಟ್ಟೆ ಒಗೆಯುವ ಹೆಂಗಸರು, ಕತ್ತಿನವರೆಗೆ ಮುಳುಗಿದ ಒಂದು ಎಮ್ಮೆ. ಹೂ ಬೆರಳಲ್ಲೇ ಉಳಿಯಿತು.

ಮತ್ತೆ ಸ್ವಲ್ಪ ದೂರಕ್ಕೆ, ಯಾವ ಸದ್ದೂ ಇಲ್ಲದೆ, ಕಿಟಕಿಯ ತುಂಬ ನೀರು ಬಂತು. ಬಂಡೆಗಳ ನಡುವೆ ಹರಡಿಕೊಂಡು, ಬಿಸಿಲು ಹೊತ್ತುಕೊಂಡು ಕಾವೇರಿ ಹರಿಯುತ್ತಿದ್ದಳು. ಹೊಸ ಸೇತುವೆ ನಯವಾಗಿತ್ತು.

"ನಿಲ್ಸೀ!" ಎಂದು ಹೊಂಬಾಳಮ್ಮ ಕೂಗಿದಳು.

ಸೇತುವೆ ದಾಟಿ ಜೀಪು ನಿಂತಿತು. ತಿಮ್ಮಯ್ಯ ಓಡಿ ಬಂದು ನೋಡಿದರೆ ಹೆಂಡತಿ ಹೊಟ್ಟೆ ಹಿಡಿದುಕೊಂಡಿದ್ದಾಳೆ, ಕಣ್ಣಲ್ಲಿ ನೀರು. ನಗುತ್ತಿದ್ದಾಳೆ. ನಗುತ್ತಲೇ ಎಲ್ಲವನ್ನೂ ಹೇಳಿದಳು.

ಮರಿಸಿದ್ದಯ್ಯ ತೊಡೆ ತಟ್ಟಿಕೊಂಡ. "ಇಷ್ಟು ವರ್ಷದಿಂದ ನಾಲೆಗೆ ಹೂವ ಮುಡಿಸ್ತಿದ್ದೀಯೇನವ್ವಾ! ಎಮ್ಮೆ ಮೈಗೆ ಮಲ್ಲಿಗೆ!"

"ಆಡ್ಕೊಳ್ಳಿ ಭಾವ, ಆಡ್ಕೊಳ್ಳಿ. ಅವ್ವಂಗೆ ಮಾತು ಕೊಟ್ಟಿದ್ದೆ, ಅದು ತಪ್ಪೋಯ್ತಲ್ಲ ಅನ್ನೋದೊಂದೇ ನಂಗೆ."

ತಿಮ್ಮಯ್ಯ ನಗಲಿಲ್ಲ. ಟಾಪಿನ ಆ ಮುಚ್ಚಳವನ್ನು ಎತ್ತಿ, ಇಳಿಸಿ, ಮತ್ತೆ ಎತ್ತಿ ನೋಡಿದ. "ಲೇ ಉಚ್ಚಿ, ನಾಲೇಲಿ ಓಡೋದು ಯಾರ ನೀರು? ಅವಳ್ದೇ ಅಲ್ವಾ? ಇಳಿ ಕೆಳಗೆ. ಇವತ್ತು ಕೈಯಾರೆ ಕೊಡೀವಂತೆ."

ಇಬ್ಬರೂ ಸೇತುವೆಗೆ ನಡೆದು ಬಂದರು. ಅವಳು ಮುಡಿಯ ದಂಡೆಯಲ್ಲಿ ಅರ್ಧವನ್ನು ಹರಿದು ನೀರಿಗೆ ಬಿಟ್ಟಳು. ಅದು ಬಿಚ್ಚಿಕೊಂಡು ಬಂಡೆಯೊಂದನ್ನು ಬಳಸಿ ಹೋಗುವುದನ್ನು ಕಾಣುವಷ್ಟು ದೂರ ನೋಡಿದಳು. ಕೈಮುಗಿದಾಗ ಪಕ್ಕದಲ್ಲಿ ತಿಮ್ಮಯ್ಯನ ಕೈಗಳೂ ಮೇಲೆದ್ದಿದ್ದವು.

ತೊಟ್ಟಿಲಲ್ಲಿ ಮಗು ನಿದ್ದೆ ಮಾಡಿತು, ದೊಡ್ಡವರು ಹೋಳಿಗೆ ಉಂಡರು. ಸಂಜೆಗೆ ಮುಂಚೆಯೇ ಹೊರಟಾಗ ಸೇತುವೆಯ ಮೇಲೆ ತಿಮ್ಮಯ್ಯ ತಾನಾಗಿ ನಿಲ್ಲಿಸಿದ. ನಾಲೆ ಹತ್ತಿರವಾದಾಗಲೂ ನಿಧಾನ ಮಾಡಿದ. ಇಷ್ಟು ವರ್ಷ ಪಡೆದುಕೊಂಡ ನಾಲೆ ಇವತ್ತು ಕಾದು ಕೂತಿದ್ದರೆ ಎಂದು ಹೊಂಬಾಳಮ್ಮನೂ ಒಂದು ಹೂ ಕಿತ್ತು ಹಿಡಿದಿದ್ದಳು.

ಗಡಗಡ ಶುರುವಾಯಿತು. ಮುಚ್ಚಳ ಎತ್ತಿ ಹೂ ಬಿಟ್ಟಳು.

ಒಗೆದ ಬಟ್ಟೆ ಹೆಗಲಿಗೆ ಹಾಕಿಕೊಂಡು ದಡ ಹತ್ತಿ ಬರುತ್ತಿದ್ದ ಹೆಂಗಸೊಬ್ಬಳು ರಸ್ತೆಗೆ ಬಿದ್ದ ಮಲ್ಲಿಗೆಯನ್ನು ಎತ್ತಿ, ಕಣ್ಣಿಗೊತ್ತಿ, ತುರುಬಿಗೆ ಸಿಕ್ಕಿಸಿಕೊಂಡಳು. ಆಮೇಲೆ ಹಸಿರು ಟಾಪನ್ನು ನೋಡಿ ಕೆಳಗಿದ್ದವರಿಗೆ ಕೂಗಿದಳು:

"ಬನ್ರಮ್ಮೀ, ನಮ್ ಹೂವಿನ ಜೀಪು! ಒಸ ಬಟ್ಟೆ ಹಾಕ್ಕೊಂಡು ಬಂದದೆ!"