ಗಾಜನ್ನೇ ತಿಂದದ್ದು

ಇವತ್ತು ಬೆಳಿಗ್ಗೆ ಕುಕ್ಕರಿನ ರಬ್ಬರ್ ಕೈಯಲ್ಲೇ ಪುಡಿಪುಡಿಯಾಯಿತು. ಹಳೆಯದನ್ನು ಎಸೆಯದೆ ಇನ್ನೊಂದು ವಾರ, ಇನ್ನೊಂದು ವಾರ ಎಂದು ದೂಡುವುದು ನನ್ನ ಜಾಣತನ; ಅದಕ್ಕಾಗಿ ಸೊಸೆಯಿಂದ ಬೈಸಿಕೊಳ್ಳುವುದೂ ಒಗ್ಗಿಹೋಗಿದೆ. ಬೆರಳಿಗಂಟಿದ ಆ ಕರಿಪುಡಿ ನೋಡುತ್ತಿದ್ದಂತೆ ಮುನಿಯಕ್ಕ ನೆನಪಾದಳು.

ಮುನಿಯಕ್ಕ ನನ್ನ ಗಂಡನ ಅಕ್ಕ. ಅವಳ ಗಂಡ ಚಿನ್ನದ ಗಣಿಯಲ್ಲಿ ತೀರಿಕೊಂಡಿದ್ದ. ನಾನು ಮದುವೆಯಾಗಿ ಚಾಂಪಿಯನ್ ರೀಫ್ಸಿನಲ್ಲಿ ಗಣಿ ಕೆಲಸಗಾರರ ಲೈನ್ ಮನೆಗೆ ಬಂದಾಗ ಅವಳೂ ಅಲ್ಲೇ ಇದ್ದಳು. ಆಗಿನ ಲೈನ್ ಮನೆ ಎಂದರೆ ಗೊತ್ತಲ್ಲ, ಪಕ್ಕದ ಮನೆಯವರು ಸೀನಿದರೆ ನಾವು 'ಚಿರಂಜೀವಿ' ಅನ್ನಬೇಕು. ಮುನಿಯಕ್ಕ ದಿನಾ ರೈಲು ಹತ್ತಿ ಬಂಗಾರಪೇಟೆಗೆ ಹೋಗಿ, ಒಬ್ಬ ಡಾಕ್ಟರ ಖಾಸಗಿ ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುತ್ತಿದ್ದಳು.

ಗರ್ಭಕೋಶದ ಕ್ಯಾನ್ಸರಿಗೆ ಅಲ್ಲಿ ರೇಡಿಯಂ ಸೂಜಿ ಇಡುತ್ತಿದ್ದರು. ಸೂಜಿಗಳಿಗೆ ಗಾಜಿನ ಕೊಳವೆ, ಕೊಳವೆಗೆ ರಬ್ಬರ್ ಬಿರಡೆ, ಎಲ್ಲಕ್ಕೂ ಸೀಸದ ಪೆಟ್ಟಿಗೆ. ತೊಳೆದು ಎತ್ತಿಡುವುದು ಮುನಿಯಕ್ಕನ ಕೆಲಸ. ಚಿಮಟವಿತ್ತು, ಸೂಜಿ ಜಾರುತ್ತದೆಂದು ಅವಳು ಕೈಯಲ್ಲೇ ಹಿಡಿಯುತ್ತಿದ್ದಳು.

"ಆ ಗಾಜು ತಂದಾಗ ನೀರಿನಂಗಿತ್ತು ಕಣೇ. ಈಗ ಟೀ ಡಿಕಾಕ್ಷನ್ ಆಗೈತೆ. ಎಂಗ್ ಉಜ್ಜಿದ್ರೂ ಓಗಲ್ಲ. ಬಿರಡೆನೂ ಬಿಸ್ಕತ್ತಿನಂಗೆ ಉದುರ್ತೈತೆ."

"ಡಾಕ್ಟ್ರು ಏನಂದ್ರು?"

"ಕೊಳೆ ಅಲ್ವಂತೆ. ರೇಡಿಯಂ ಕಿರಣ ಒಕ್ಕು ಗಾಜೇ ಕೆಟ್ಟೋಗೈತಂತೆ."

"ಬಿಡಕ್ಕ, ಉಜ್ಜೋ ಕೆಲಸ ತಪ್ತು," ಎಂದೆ. ಇಬ್ಬರೂ ನಕ್ಕೆವು. ಅವಳ ಬೆರಳ ತುದಿಯ ಗೆರೆಗಳು ಆಗಲೇ ಅಳಿಸಿ ನುಣ್ಣಗಾಗಿದ್ದವು.

ಒಂದು ದಿನ ಬಿರಡೆ ಕೀಳುವಾಗ ಕೊಳವೆ ಅವಳ ಹಿಡಿಯಲ್ಲೇ ಒಡೆಯಿತು. ಸೂಜಿಗಳು ಮಂಚದಡಿ, ಬಚ್ಚಲ ತೂಬಿನ ಬಾಯಿಗೆ ಚೆಲ್ಲಿದವು. ಮಂಡಿಯೂರಿ, ನೆಲ ತಡಕಿ, ಬರಿಗೈಯಲ್ಲಿ ಆರಿಸಿದಳಂತೆ. "ಒಂದೂ ಕಳೀಲಿಲ್ಲ ಕಣೇ," ಎಂದು ಹಿಗ್ಗಿನಿಂದಲೇ ಮನೆಗೆ ಬಂದಳು.

ಗಾಜು ಕೊಯ್ದ ಗಾಯ ಮಾತ್ರ ಮಾಯಲಿಲ್ಲ. ಉಗುರುಗಳು ಕಪ್ಪಾದವು, ಬೆರಳುಗಳು ಕೊಳೆಯತೊಡಗಿದವು. ಡಾಕ್ಟರೇ ಬೆಂಗಳೂರಿಗೆ ಕರೆದೊಯ್ದು ಎರಡು ಬೆರಳು ತೆಗೆಸಿದರು. ಹುಣ್ಣು ಅಂಗೈಗಿಳಿಯಿತು. ಲೈನಿನಲ್ಲಿ ಅದನ್ನು ಕುಷ್ಠವೆಂದರು. ನಲ್ಲಿಯ ಹತ್ತಿರ ಪಕ್ಕದ ಮನೆಯ ಸೆಲ್ವಿ, "ತೊಡಾದೇ, ಮುನಿಯಮ್ಮಾ!" ಎಂದು ತಮಿಳಿನಲ್ಲಿ ಚೀರಿ ತನ್ನ ಕೊಡ ಎಳೆದುಕೊಂಡಳು. ಮುಟ್ಟಬೇಡ! ಅಂದಿನಿಂದ ಮುನಿಯಕ್ಕ ನಲ್ಲಿಗೆ ಬರಲಿಲ್ಲ. ತಟ್ಟೆ ಲೋಟ ಬೇರೆ ಮಾಡಿಕೊಂಡಳು. ಅದು ಅಂಟುವ ರೋಗವಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ.

ಆಗ ನನಗೆ ಮೊದಲ ಮಗು. ಅವಳು ಹೊಸ್ತಿಲಾಚೆ ಕೂತು ನೋಡುತ್ತಿದ್ದಳು, ಅಷ್ಟೆ.

"ಎತ್ಕೋ ಅಕ್ಕ."

"ಬ್ಯಾಡ ಕಣೇ. ಗಾಜ್ನೇ ತಿಂದಿದ್ದು, ಎಳೆ ಕೂಸ್ನ ಬಿಡ್ತೈತಾ?"

ನನಗೂ ಭಯವಿತ್ತು. ಆದರೂ ಮಗುವನ್ನು ಅವಳ ಮಡಿಲಲ್ಲಿ ಮಲಗಿಸಿಬಿಟ್ಟೆ. ಕಾದ ಬಾಣಲೆಯ ಮುಂದೆ ಕೂತವಳಂತೆ ಎರಡೂ ಕೈ ಗಾಳಿಗೆತ್ತಿದಳು. ಮಗು ಹೊರಳಿತು, ಬೀಳದಂತೆ ಮೊಣಕೈಗಳಿಂದ ತಡೆದಳು. ಅವನು ನಿದ್ದೆ ಹೋಗುವವರೆಗೂ ಆ ಕೈಗಳನ್ನು ಇಳಿಸಲೇ ಇಲ್ಲ.

ಮಗು ಹೆಜ್ಜೆಯಿಡುವ ಮೊದಲೇ ರೋಗ ಕಂಕುಳಿಗೇರಿ ಮುನಿಯಕ್ಕ ಹೋದಳು. ಆಸ್ಪತ್ರೆಗೆ ಹೊಸ ಗಾಜಿನ ಕೊಳವೆ ಬಂತಂತೆ. ಹೊಸ ಆಯಾ ಕೂಡ.

ಇವತ್ತು ಮಧ್ಯಾಹ್ನ ಮೊಣಕಾಲಿನ ಎಕ್ಸ್-ರೇಗೆ ಹೋಗಿದ್ದೆ. ಹುಡುಗಿಯೊಬ್ಬಳು ನನ್ನನ್ನು ಮಲಗಿಸಿ ಆಚೆ ಹೋದಳು. ಬಾಗಿಲು ಚೂರು ತೆರೆದೇ ಇತ್ತು.

"ಅಲುಗಾಡಬೇಡಿ ಅಜ್ಜಿ."

"ಅಲ್ಲಾಡಲ್ಲ ಕಣವ್ವಾ. ನೀನು ಮೊದ್ಲು ಬಾಗ್ಲು ಪೂರಾ ಆಕ್ಕೋ."

ಅವಳು ನಕ್ಕಳು. ಬಾಗಿಲು ಮುಚ್ಚಿದ ಸದ್ದು ಕೇಳುವವರೆಗೆ ನಾನು ಉಸಿರು ಬಿಡಲಿಲ್ಲ.