ಜಗತ್ತಿಗೆಲ್ಲ ಒಂದೇ ಪ್ರತಿ

ನಮ್ಮವರು ಬೈಂಡಿಂಗ್ ಅಂಗಡಿ ಸೇರಿ ಇಪ್ಪತ್ತೆರಡು ವರ್ಷವಾಯಿತು. ಊರವರ ಪುಸ್ತಕಗಳಿಗೆಲ್ಲ ಹೊಲಿಗೆ ಹಾಕಿ ರಟ್ಟು ಕಟ್ಟಿದ ಕೈ ಅದು. ಬಿಡುವಾದಾಗ ತಾವೂ ಕಥೆ ಬರೆಯುತ್ತಿದ್ದರು. ಒಂಬತ್ತು ಕಥೆಯಾದ ಮೇಲೆ ಬೇರೆ ಯಾರಾದರೂ ಆಗಿದ್ದರೆ ಒಂದನ್ನಾದರೂ ಪತ್ರಿಕೆಗೆ ಕಳಿಸುತ್ತಿದ್ದರು. ಇವರು ಒಂಬತ್ತನ್ನೂ ಸೇರಿಸಿ ಬೈಂಡ್ ಮಾಡಿಬಿಟ್ಟರು. ಕಡುಗೆಂಪು ಬಟ್ಟೆಯ ಹೊದಿಕೆ, ಮೂಲೆಗಳಿಗೆ ಚರ್ಮ, ಬೆನ್ನಿನ ಮೇಲೆ ಚಿನ್ನದ ಬಣ್ಣದಲ್ಲಿ ತಮ್ಮ ಹೆಸರು. ಜಗತ್ತಿಗೆಲ್ಲ ಅದೊಂದೇ ಪ್ರತಿ. ಮನೆಗೆ ಬಂದವರಿಗೆ ಪುಟ ತಾವೇ ತಿರುಗಿಸಿ ತೋರಿಸುತ್ತಿದ್ದರು. ಬಂದವರು ಬೈಂಡಿಂಗನ್ನು ಹೊಗಳಿ ಎದ್ದು ಹೋಗುತ್ತಿದ್ದರು. ನಾನೂ ಓದಿದ್ದು ಎರಡೇ ಕಥೆ, ಸುಳ್ಳು ಯಾಕೆ ಹೇಳಲಿ.

ನನ್ನ ತಮ್ಮ ಎಲೆಕ್ಟ್ರಿಷಿಯನ್. ಅವನೂ ಬರೆಯುತ್ತಾನೆಂದು ನನಗೆ ಗೊತ್ತಿತ್ತು, ಇವರಿಗೆ ಹೇಳಿರಲಿಲ್ಲ. ಒಂದು ದಿನ ಅವನ ಕಥೆ ವಾರಪತ್ರಿಕೆಯಲ್ಲಿ ಬಂತು, ಜೊತೆಗೆ ಬಣ್ಣದ ಚಿತ್ರ ಬೇರೆ. ಇವರು ನಿಂತಲ್ಲೇ ಓದಿದರು. ಕಾಗದ ತೆಳು, ಪಿನ್ನು ನಡುವಿಗೆ ಬಿದ್ದಿಲ್ಲ ಎಂದರಷ್ಟೇ. ಆಮೇಲೆ ಮೂರು ದಿನ ಮುಖ ಊದಿಸಿಕೊಂಡು ಓಡಾಡಿದರು. ಮನೆಯ ಫ್ಯಾನ್ ಕೆಟ್ಟರೂ ತಮ್ಮನನ್ನು ಕರೆಸಲು ಬಿಡಲಿಲ್ಲ, ಬೆವರು ಸುರಿಸುತ್ತಾ ಕೂತರು.

ಹೊಟ್ಟೆಕಿಚ್ಚು ಇವರೊಬ್ಬರದೇ ಎಂದರೆ ತಪ್ಪಾದೀತು. ತಮ್ಮನ ಹೆಂಡತಿ ಫೋನ್ ಮಾಡಿ, ಬೀದಿಯವರೆಲ್ಲ ತನ್ನನ್ನು ಲೇಖಕರ ಹೆಂಡತಿ ಅನ್ನುತ್ತಿದ್ದಾರೆಂದು ನಕ್ಕಾಗ ನನಗೂ ಮೈ ಉರಿಯಿತು. ಒಂಬತ್ತು ಕಥೆ ಬರೆದವರ ಹೆಂಡತಿ ನಾನು, ನನ್ನನ್ನು ಯಾರೂ ಏನೂ ಅನ್ನುವುದಿಲ್ಲ.

ಭಾನುವಾರ ತಮ್ಮನೇ ಬಂದ. ಮೊದಲು ಫ್ಯಾನ್ ಸರಿ ಮಾಡಿದ. ಆಮೇಲೆ ಭಾವನ ಪುಸ್ತಕ ಕೇಳಿದ. ಇವರು ಪುಟ ತಿರುಗಿಸಲು ಕೈ ಚಾಚುವಷ್ಟರಲ್ಲಿ ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಓದತೊಡಗಿದ್ದ. ಒಂದು ಕಡೆ ಗಟ್ಟಿಯಾಗಿ ನಕ್ಕ. ಮೂರು ಕಥೆ ಮುಗಿಸಿ ತಲೆ ಎತ್ತಿದ.

"ಭಾವ, ಈ ಲಿಫ್ಟ್‌ನವನ ಕಥೆ ನಂದಕ್ಕಿಂತ ಚೆನ್ನಾಗಿದೆ. ಬಿಡಿ ಹಾಳೇಲಿ, ಒಂದೇ ಮಗ್ಗುಲಲ್ಲಿ ಬರೆದು ಕಳಿಸಿ. ಇದನ್ನ ಹಿಂಗೇ ಕಟ್ಟಿಟ್ರೆ ಯಾರು ಓದ್ತಾರೆ?"

ಅವನು ಹೋದ ಮೇಲೆ ಇವರ ಸಿಟ್ಟು ನೋಡಬೇಕಿತ್ತು. ಕಥೆ ಅಚ್ಚಾಗಿದ್ದು ಸಾಲದೆಂದು ಇವನು ಒಳ್ಳೆಯವನೂ ಆಗಬೇಕೇ ಎಂದು ಗೊಣಗಿದರು. ಆದರೆ ಮರುದಿನ ಬಿಳಿ ಹಾಳೆ ತಂದರು.

ಲಿಫ್ಟ್‌ನವನ ಕಥೆ ನಕಲು ಮಾಡಲು ಕೂತವರು ಎರಡನೇ ಪುಟದಲ್ಲೇ ಪೆನ್ನು ಕೆಳಗಿಟ್ಟರು. ಬೈಂಡ್ ಮಾಡಿದಾಗಿನಿಂದ ಆ ಕಥೆಯನ್ನು ಅವರು ಓದಿಯೇ ಇರಲಿಲ್ಲ, ತೋರಿಸಿದ್ದರು ಅಷ್ಟೇ. ಈಗ ಓದಿದರೆ ಸಾಲುಸಾಲಿಗೂ ಬೇಡದ ಪದಗಳೇ ಕಂಡವು. ಅಷ್ಟು ಚೆಂದದ ಪುಸ್ತಕದಲ್ಲಿ ಒಂದು ಪದ ಹೊಡೆದುಹಾಕಲು ಕೈ ಬರುವುದಾದರೂ ಹೇಗೆ? ಬಿಡಿ ಹಾಳೆಯ ಮೇಲೆ ಆ ಭಯವಿರಲಿಲ್ಲ. ಹೊಡೆದರು, ಸೇರಿಸಿದರು, ಮತ್ತೆ ಬರೆದರು. ಹನ್ನೊಂದು ದಿನಕ್ಕೆ ಹದಿನಾಲ್ಕು ಪುಟದ ಕಥೆ ಎಂಟಕ್ಕಿಳಿಯಿತು. ಹಾಳೆಗಳಿಗೆ ಹೊಲಿಗೆ ಹಾಕದೆ, ಬರೀ ಒಂದು ಕ್ಲಿಪ್ ಸಿಕ್ಕಿಸಿ ಕಳಿಸುವುದು ಅವರಿಗೆ ಮಗುವನ್ನು ಬರಿಮೈಯಲ್ಲಿ ಬೀದಿಗೆ ಬಿಟ್ಟಂತಿತ್ತು. ಅಂಚೆ ಪೆಟ್ಟಿಗೆಯ ಮುಂದೆ ಎಷ್ಟು ಹೊತ್ತು ನಿಂತರೆಂದರೆ ನಾನೇ ಲಕೋಟೆ ಕಸಿದುಕೊಂಡು ಒಳಗೆ ಹಾಕಬೇಕಾಯಿತು.

ಎರಡು ತಿಂಗಳಿಗೆ ವಾಪಸ್ ಬಂತು. ಒಳಗೆ ವಿಷಾದದ ಎರಡು ಸಾಲು. ಇವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಇನ್ನು ಒಂಬತ್ತು ಕಥೆಯೂ ಕಪಾಟು ಸೇರಿ ಬೀಗ ಬೀಳುತ್ತದೆ ಅಂದುಕೊಂಡೆ. ಇವರು ಹಾಳೆಗಳನ್ನು ಎರಡು ಸಲ ಎಣಿಸಿದರು. ಕೊನೆಯ ಪುಟದ ಮೂಲೆ ಮಡಚಿದ್ದನ್ನು ನನಗೆ ತೋರಿಸಿ, ಕೊನೆತನಕ ಓದಿದ್ದಾರೆ ಎಂದರು. ಆಮೇಲೆ ಕೇಳಿದರು.

"ನಿನ್ನ ತಮ್ಮಂದು ಎಷ್ಟು ಸಲ ವಾಪಸ್ ಬಂದಿತ್ತು?"

"ಆರು ಸಲ."

ಇವರು ಎದ್ದು ಹೊಸ ಲಕೋಟೆ ತೆಗೆದರು. "ನಾನು ಐದರೊಳಗೆ ಅಚ್ಚು ಹಾಕಿಸ್ಕೋತೀನಿ," ಎಂದರು.