ಕಾಲರಿನ ಕೆಂಪು ಮಣಿ

ಅವಳಿಗೆ ಮಣಿ ಚಿಕ್ಕಮ್ಮ ಅಂತ ಹೆಸರು ಬಿದ್ದದ್ದೇ ಕೆಲಸದಿಂದ. ಮಕ್ಕಳ ಫ್ರಾಕು ಹೊಲಿದು ಕಾಲರಿಗೆ ಮಣಿ ಕೂರಿಸುವುದರಲ್ಲಿ ಅವಳದು ಎತ್ತಿದ ಕೈ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಎಷ್ಟು ಗುಡಿಸಿದರೂ ಅಲ್ಲಿ ಅಂಗಾಲಿಗೆ ಒಂದಾದರೂ ಮಣಿ ಚುಚ್ಚದೆ ಬಿಡುತ್ತಿರಲಿಲ್ಲ.

ಮಕ್ಕಳ ಬಟ್ಟೆಗೆ ಹಾಕುವ ಮಣಿ, ಹರಳು, ಬಣ್ಣ ಯಾವುದರಲ್ಲೂ ಸೀಸ ಮಿತಿ ಮೀರಬಾರದು, ಸರಕು ಬದಲಾದಾಗಲೆಲ್ಲ ಪರೀಕ್ಷೆ ಮಾಡಿಸಬೇಕು ಅಂತ ನಿಯಮವಿತ್ತು. ಮೊದಲ ಸಲ ಶ್ರದ್ಧೆಯಿಂದ ಮಾಡಿಸಿದ್ದಳು. ಆಮೇಲೆ ಹಳೇ ವ್ಯಾಪಾರಿ ಅಂಗಡಿ ಮುಚ್ಚಿದ. ಹೊಸಬನ ಕೆಂಪು ಮಣಿ ಇನ್ನೂ ಕಣ್ಣು ಕುಕ್ಕುವಂತಿತ್ತು. ಪರೀಕ್ಷೆಗೆ ಕೊಟ್ಟರೆ ಮೂರು ವಾರ ಕಾಯಬೇಕು. "ಮಣಿ ಮಣಿಯೇ ಅಲ್ವಾ," ಅಂದುಕೊಂಡು, ಕೇಳಿದ ತಾಯಂದಿರಿಗೆಲ್ಲ "ಭಯ ಬೇಡ" ಅಂತ ಹಳೇ ವರದಿಯನ್ನೇ ತೋರಿಸಿದಳು.

ಆ ಮಣಿಯ ಮೊದಲ ಫ್ರಾಕು ಹೋದದ್ದು ಅಕ್ಕನ ಮೊಮ್ಮಗಳಿಗೆ. ಒಂದೂವರೆ ವರ್ಷದ ಕೂಸು, ಸಿಕ್ಕಿದ್ದೆಲ್ಲ ಬಾಯಿಗೆ. ಚೀಪಿ ಚೀಪಿ ಕಾಲರಿನ ಮಣಿಗಳು ಬಿಳಿಚಿಕೊಂಡವು.

"ನಿನ್ನ ಕೈರುಚಿ ಅವಳಿಗೆ ಹಿಡಿಸಿದೆ ಕಣೆ," ಅಂತ ಅಕ್ಕ ನಕ್ಕಿದ್ದಳು. ಚಿಕ್ಕಮ್ಮನೂ ನಕ್ಕಿದ್ದಳು.

ಕೆಲವು ತಿಂಗಳಿಗೆ ಮಗು ಊಟ ಬಿಟ್ಟಿತು, ಹೊಟ್ಟೆ ಹಿಡಿದುಕೊಂಡು ಅಳತೊಡಗಿತು. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು, "ಸೀಸ ಜಾಸ್ತಿ ಇದೆ. ಮಗು ಏನನ್ನಾದ್ರೂ ಚೀಪುತ್ತಾ?" ಎಂದು ಕೇಳಿದರು.

ಪಕ್ಕದಲ್ಲೇ ಕೂತಿದ್ದ ಚಿಕ್ಕಮ್ಮ, ಅಕ್ಕನಿಗಿಂತ ಮೊದಲು ತಾನೇ ಬಾಯಿಬಿಟ್ಟಳು: "ನಾನು ಹೊಲಿದ ಫ್ರಾಕು."

ಮಣಿ ಪರೀಕ್ಷೆಗೆ ಹೋಯಿತು. ಬಣ್ಣದ ಲೇಪದಲ್ಲಿ ಮಿತಿಗಿಂತ ಎಷ್ಟೋ ಪಟ್ಟು ಸೀಸ.

ಅವಳು ತಾನಾಗಿಯೇ ಅಧಿಕಾರಿಗಳಿಗೆ ತಿಳಿಸಿದಳು. ಮನೆಮನೆ ಅಲೆದು ಫ್ರಾಕುಗಳನ್ನು ವಾಪಸು ಕೇಳಿದಳು. ನಲವತ್ತೊಂದು ಹೋಗಿದ್ದವು, ಮೂವತ್ತಾರು ಸಿಕ್ಕವು. ಒಬ್ಬ ತಾಯಿ ಬಾಗಿಲಲ್ಲೇ ನಿಂತು, "ಅವತ್ತು ಭಯ ಬೇಡ ಅಂದೋರೂ ನೀವೇ, ಇವತ್ತು ವಿಷ ಅನ್ನೋರೂ ನೀವೇ," ಎಂದಳು.

ಮಗುವಿನ ರಕ್ತದಲ್ಲಿ ಸೀಸ ನಿಧಾನಕ್ಕೆ ಇಳಿಯಿತು. ಈಗ ಅವಳಿಗೆ ನಾಲ್ಕು ವರ್ಷ. ಓರಗೆಯವರು ಅರಳು ಹುರಿದಂತೆ ಮಾತಾಡುವಾಗ ಇವಳು ಎರಡು ಪದ ಜೋಡಿಸಲು ತಡವರಿಸುತ್ತಾಳೆ. ಅದು ಸೀಸದಿಂದಲೇ ಅಂತ ಡಾಕ್ಟರು ಹೇಳುವುದಿಲ್ಲ, ಅಲ್ಲ ಅಂತಲೂ ಹೇಳುವುದಿಲ್ಲ.

ಅಕ್ಕ ಅಲ್ಲಿಯವರೆಗೆ ಅವಳನ್ನು ಒಂದು ಮಾತೂ ಬೈದಿರಲಿಲ್ಲ. ಚಿಕ್ಕಮ್ಮನೇ ತಡೆಯಲಾರದೆ ಕೇಳಿದಳು: "ಒಂದು ಸಲ ಬಾಯಿತುಂಬಾ ಬೈದುಬಿಡಕ್ಕ."

"ಬೈದ್ರೆ ನಿನಗೆ ಹಗುರಾಗುತ್ತೆ," ಎಂದಳು ಅಕ್ಕ. "ನನಗೆ?"

ವಾರಕ್ಕೆರಡು ಸಲ ಮಗುವನ್ನು ಮಾತು ಕಲಿಸುವ ಟೀಚರ ಹತ್ತಿರ ಕರೆದೊಯ್ಯುವುದು ಈಗ ಚಿಕ್ಕಮ್ಮನೇ. ಮುಚ್ಚಿದ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತು, ಒಳಗಿಂದ ಬರುವ ಒಂದೊಂದು ಶಬ್ದಕ್ಕೂ ಕಿವಿಗೊಡುತ್ತಾಳೆ.